ಕಾರಿನ ಬ್ಯಾಟರಿ ಡೌನ್ ಆದಾಗ: ಮನೆಯಲ್ಲಿಯೇ ಕಾರಣ ಹುಡುಕಿ ಚಾರ್ಜ್ ಮಾಡುವ ಕ್ರಮ

ದಸರಾ ರಜೆಗೆ ಹತ್ತು ದಿನ ಊರಿಗೆ ಹೋಗಿ ಬಂದು ಕಾರಿನ ಕೀಲಿ ತಿರುಗಿಸಿದರೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ನೋಡಲು ಬಂದವರು "ಬ್ಯಾಟರಿ ಹೋಗಿದೆ, ಬದಲಾಯಿಸಿಬಿಡಿ" ಎನ್ನುತ್ತಾರೆ. ಆ ಮಾತು ನಿಜವಿರಬಹುದು. ಆದರೆ ಬ್ಯಾಟರಿ ಕೇವಲ ಬರಿದಾಗಿರಬಹುದು, ಟರ್ಮಿನಲ್ ಸಡಿಲವಾಗಿರಬಹುದು, ಅಥವಾ ಬ್ಯಾಟರಿ ಚೆನ್ನಾಗಿದ್ದು ಅದಕ್ಕೆ ಚಾರ್ಜ್ ಕೊಡಬೇಕಾದ ಆಲ್ಟರ್ನೇಟರ್ ಕೆಟ್ಟಿರಬಹುದು. ಬರಿದಾದ ಬ್ಯಾಟರಿ ಮತ್ತು ಕೆಟ್ಟ ಬ್ಯಾಟರಿ ಹೊರನೋಟಕ್ಕೆ ಒಂದೇ ರೀತಿ ಇರುತ್ತವೆ. ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಯಾವ ಸಂಪರ್ಕವೂ ಇಲ್ಲದೆ ಬಿಟ್ಟು, ಬೆಳಿಗ್ಗೆ ವೋಲ್ಟೇಜ್ ಅಳೆದಾಗಲೇ ಎರಡಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಅಷ್ಟು ತಾಳ್ಮೆ ಇದ್ದರೆ ಹಲವು ಸಾವಿರ ರೂಪಾಯಿ ಉಳಿಯುವ ಸಾಧ್ಯತೆ ಇದೆ, ಬದಲಾಯಿಸಲೇಬೇಕಾಗಿ ಬಂದರೂ ಕಾರಣ ತಿಳಿದು ಬದಲಾಯಿಸಿದಂತಾಗುತ್ತದೆ.

ಇಲ್ಲಿ ಹೇಳಿರುವುದೆಲ್ಲ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿರುವ 12 ವೋಲ್ಟ್‌ನ ಸೀಸ-ಆಮ್ಲದ ಬ್ಯಾಟರಿಗೆ ಸಂಬಂಧಿಸಿದ್ದು. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಇರುವ ದೊಡ್ಡ ಬ್ಯಾಟರಿಯ ಹತ್ತಿರಕ್ಕೂ ಮನೆಯಲ್ಲಿ ಹೋಗಬಾರದು. ಬೇಕಾಗುವ ಸಾಮಾನು ಹೆಚ್ಚಿಲ್ಲ: ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್, ಹತ್ತು ನಂಬರ್ ಸ್ಪ್ಯಾನರ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಅಡುಗೆ ಸೋಡಾ, ಹಳೆಯ ಹಲ್ಲುಜ್ಜುವ ಬ್ರಷ್, ಮತ್ತು ಕಾರಿನ ಬ್ಯಾಟರಿಗೆಂದೇ ಮಾಡಿದ ಚಾರ್ಜರ್.

ಕೈ ಹಾಕುವ ಮೊದಲು

ಚಾರ್ಜ್ ಆಗುವಾಗ ಬ್ಯಾಟರಿಯೊಳಗಿನ ನೀರು ಒಡೆದು ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4ಕ್ಕೆ ಮುಟ್ಟಿದರೆ ಸಣ್ಣ ಕಿಡಿಯೊಂದು ಸಾಕು, ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಎರಚುತ್ತದೆ. ಆದ್ದರಿಂದ ಬೀಡಿ, ಸಿಗರೇಟು, ದೇವರ ಮನೆಯ ದೀಪ, ಗ್ಯಾಸ್ ಒಲೆ, ನೀರು ಕಾಯಿಸುವ ಹಂಡೆಯ ಒಲೆ ಇವುಗಳಿಂದ ದೂರವಿರುವ, ಗಾಳಿಯಾಡುವ ಜಾಗದಲ್ಲಿಯೇ ಈ ಕೆಲಸ ಮಾಡಬೇಕು.

12 ವೋಲ್ಟ್ ಶಾಕ್ ಹೊಡೆಯುವುದಿಲ್ಲವೆಂದು ಹಲವರು ಉದಾಸೀನ ಮಾಡುತ್ತಾರೆ. ಶಾಕ್ ಹೊಡೆಯದಿರುವುದು ನಿಜ, ಆದರೆ ಬೆರಳಿನ ಉಂಗುರವೋ ಕೈಬಳೆಯೋ ಪಾಸಿಟಿವ್ ಟರ್ಮಿನಲ್ಲಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಅದರ ಮೂಲಕ ನೂರಾರು ಆಂಪಿಯರ್ ಹರಿದು, ಚಿನ್ನ ಕ್ಷಣಾರ್ಧದಲ್ಲಿ ಕೆಂಪಗೆ ಕಾದು ಬೆರಳನ್ನು ಸುಡುತ್ತದೆ. ಅವನ್ನೆಲ್ಲ ಮೊದಲೇ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಯಾವಾಗಲೂ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕಾರಿನ ಬಾಡಿ ಇಡಿಯಾಗಿ ನೆಗೆಟಿವ್‌ಗೆ ಸೇರಿರುವುದರಿಂದ, ನೆಗೆಟಿವ್ ಕಳಚದೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಿಯಾದರೂ ಬಾಡಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಈ ಕ್ರಮಕ್ಕೆ ಕಾರಣ ಅದೇ.

ಆಸಿಡ್ ಚರ್ಮಕ್ಕೆ ತಾಗಿದರೆ ಕೂಡಲೇ ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಹಿಡಿದು, ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಲೇಬೇಕು. ಅಡುಗೆ ಸೋಡಾ ಇರುವುದು ನೆಲಕ್ಕೆ ಚೆಲ್ಲಿದ ಆಸಿಡ್‌ಗೆ. ಅದನ್ನು ಕಣ್ಣಿಗೆ ಹಾಕಬಾರದು. ಬ್ಯಾಟರಿಯ ಮೈ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಆಸಿಡ್ ಸೋರುತ್ತಿದ್ದರೆ ಮುಂದೆ ಹೇಳಿರುವ ಯಾವುದನ್ನೂ ಮಾಡದೆ ಬ್ಯಾಟರಿ ಅಂಗಡಿಯವರನ್ನು ಕರೆಸಿ.

ದೀಪವಿಲ್ಲ, ಸದ್ದಿಲ್ಲ, ರಿಮೋಟ್‌ಗೂ ಬಾಗಿಲು ತೆರೆಯುವುದಿಲ್ಲ

ಬಾಗಿಲೇ ತೆರೆಯದಿದ್ದರೆ ಗಾಬರಿಯಾಗಬೇಕಿಲ್ಲ. ರಿಮೋಟ್‌ನ ಹೊಟ್ಟೆಯೊಳಗೆ ಸಾಮಾನ್ಯವಾಗಿ ಒಂದು ಲೋಹದ ಕೀಲಿ ಇರುತ್ತದೆ. ಚಾಲಕನ ಬಾಗಿಲಿಗೆ ಅದನ್ನು ಹಾಕಿ ತೆರೆಯಬಹುದು. ಒಳಗೆ ಕುಳಿತು ಹೆಡ್‌ಲೈಟ್, ಹಾರ್ನ್, ಒಳದೀಪ ಮೂರನ್ನೂ ಪರೀಕ್ಷಿಸಿ. ಮೂರೂ ಸತ್ತಂತಿದ್ದರೆ ಬ್ಯಾಟರಿ ಪೂರ್ತಿ ಬರಿದಾಗಿದೆ ಅಥವಾ ಟರ್ಮಿನಲ್‌ನ ಸಂಪರ್ಕವೇ ತಪ್ಪಿದೆ.

ಎರಡನೆಯದನ್ನು ಮೊದಲು ನೋಡುವುದು ಒಳ್ಳೆಯದು, ಏಕೆಂದರೆ ಅದಕ್ಕೆ ಖರ್ಚಿಲ್ಲ. ಬಾನೆಟ್ ತೆರೆದು ಎರಡೂ ಟರ್ಮಿನಲ್‌ಗಳ ಹಿಡಿಕೆಯನ್ನು ಕೈಯಿಂದ ತಿರುಗಿಸಲು ನೋಡಿ. ಸ್ವಲ್ಪವೂ ಅಲುಗಾಡಬಾರದು. ಅಲುಗಾಡಿದರೆ ಬೋಲ್ಟ್ ಬಿಗಿ ಮಾಡಿ ಮತ್ತೆ ಕೀಲಿ ತಿರುಗಿಸಿ; ಕೆಲವೊಮ್ಮೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಸೀಸ ಮೃದು ಲೋಹವಾದ್ದರಿಂದ ವಿಪರೀತ ಬಿಗಿ ಮಾಡಿ ಕಂಬವನ್ನೇ ಮುರಿಯಬೇಡಿ.

ದೀಪ ಉರಿಯುತ್ತದೆ, ಸೆಲ್ಫ್ ಹೊಡೆದರೆ ಟಕಟಕ ಎನ್ನುತ್ತದೆ

ಸದ್ದನ್ನು ಗಮನವಿಟ್ಟು ಕೇಳಿ. ಒಂದೇ ಸಮನೆ ಟಕಟಕಟಕ ಎಂದು ಹೊಡೆದುಕೊಂಡು, ಅದೇ ಹೊತ್ತಿಗೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಮಿಣುಕಿದರೆ ಬ್ಯಾಟರಿಯಲ್ಲಿ ಶಕ್ತಿ ಸಾಲುತ್ತಿಲ್ಲವೆಂದು ಅರ್ಥ. ಸ್ಟಾರ್ಟರ್‌ನ ಸೊಲೆನಾಯ್ಡ್ (ಮೋಟಾರಿಗೆ ವಿದ್ಯುತ್ ಸೇರಿಸುವ ವಿದ್ಯುತ್ಕಾಂತದ ಸ್ವಿಚ್) ಎಳೆದುಕೊಂಡ ಕೂಡಲೇ ಮೋಟಾರು ನೂರಾರು ಆಂಪಿಯರ್ ಬೇಡುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಬಿಟ್ಟುಬಿಡುತ್ತದೆ, ವೋಲ್ಟೇಜ್ ಮತ್ತೆ ಏರಿ ಮತ್ತೆ ಎಳೆಯುತ್ತದೆ. ನಮಗೆ ಕೇಳಿಸುವ ಟಕಟಕ ಈ ಎಳೆದಾಟದ ಸದ್ದು.

ಒಂದೇ ಒಂದು ಬಾರಿ "ಟಕ್" ಎಂದು, ಹೆಡ್‌ಲೈಟ್ ಮಾತ್ರ ಮಂಕಾಗದೆ ಪ್ರಖರವಾಗಿ ಉರಿಯುತ್ತಿದ್ದರೆ ಸ್ಟಾರ್ಟರ್ ಮೋಟಾರಿನ ಕಡೆ ಸಂಶಯ ಪಡಬೇಕು. ದೀಪ ಪ್ರಖರವಾಗಿದ್ದು ಸದ್ದೇ ಇಲ್ಲದಿದ್ದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೋಮ್ಯಾಟಿಕ್ ಕಾರಾದರೆ ಗೇರು ಪಾರ್ಕಿಂಗ್‌ನಲ್ಲಿದೆಯೇ, ಬಟನ್ ಸ್ಟಾರ್ಟ್ ಕಾರಾದರೆ ಕೀಲಿಯೊಳಗಿನ ಸಣ್ಣ ಸೆಲ್ ಮುಗಿದಿದೆಯೇ ನೋಡಿ. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ತೊಂದರೆ ಇಂಧನದಲ್ಲಿಯೋ ಕಿಡಿಯಲ್ಲಿಯೋ ಇದೆ. ಮತ್ತೆ ಮತ್ತೆ ಸೆಲ್ಫ್ ಹೊಡೆದು ಒಳ್ಳೆಯ ಬ್ಯಾಟರಿಯನ್ನು ಬರಿದು ಮಾಡಬೇಡಿ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ

ಬೂಷ್ಟು ಕಟ್ಟಿದಂತೆ ಕಾಣುವ ಈ ಪುಡಿ, ಬ್ಯಾಟರಿಯಿಂದ ಹೊರಬಂದ ಆಸಿಡ್ ಆವಿ ಲೋಹವನ್ನು ತಿಂದು ಉಂಟಾದದ್ದು. ಇದು ವಿದ್ಯುತ್ತನ್ನು ಸರಿಯಾಗಿ ಹರಿಯಲು ಬಿಡುವುದಿಲ್ಲ. ದೀಪಕ್ಕೆ ಬೇಕಾದ ನಾಲ್ಕೈದು ಆಂಪಿಯರ್ ಹೇಗೋ ದಾಟಿಬರುತ್ತದೆ, ಸ್ಟಾರ್ಟರ್‌ಗೆ ಬೇಕಾದ ನೂರಾರು ಆಂಪಿಯರ್ ಬರುವುದಿಲ್ಲ. ಹೀಗಾಗಿ ಲಕ್ಷಣವೆಲ್ಲ ಬ್ಯಾಟರಿ ಸತ್ತಂತೆಯೇ ಇರುತ್ತದೆ.

ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ. ಒಂದು ಲೋಟ ಬಿಸಿ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಬ್ರಷ್ಷಿನಿಂದ ಹಚ್ಚಿದರೆ ಪುಡಿ ನೊರೆನೊರೆಯಾಗಿ ಕುದಿಯುತ್ತದೆ; ನೊರೆ ನಿಲ್ಲುವವರೆಗೆ ಹಚ್ಚಿ, ಶುದ್ಧ ನೀರಿನಲ್ಲಿ ಒರೆಸಿ, ಒಣಗಿಸಿ. ಸೋಡಾ ನೀರು ಸೆಲ್‌ಗಳ ಮುಚ್ಚಳದ ಸಂದಿಯಿಂದ ಒಳಗೆ ಇಳಿಯಬಾರದು, ಇಳಿದರೆ ಅದು ಒಳಗಿನ ಆಸಿಡ್ಡನ್ನೇ ಕೊಲ್ಲುತ್ತದೆ. ಕಂಬ ಮತ್ತು ಹಿಡಿಕೆಯ ಒಳಮೈಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಜೋಡಿಸಿದ ಮೇಲೆ ಹೊರಗಿನಿಂದ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಇಲ್ಲಿ ಇನ್ನೊಂದು ಜಾಗವನ್ನು ನೋಡಲೇಬೇಕು. ನೆಗೆಟಿವ್ ಟರ್ಮಿನಲ್‌ನಿಂದ ಹೊರಟ ಕೇಬಲ್ ಬಾಡಿಗೂ ಎಂಜಿನ್ನಿಗೂ ಬೋಲ್ಟ್ ಆಗುವ ಕಡೆ, ಅಂದರೆ ಅರ್ತ್ ಬೋಲ್ಟ್. ನಮ್ಮ ಮನೆಯ ಕಾರಿಗೆ ಇದೇ ತೊಂದರೆಗೆ ಹೊಸ ಬ್ಯಾಟರಿ ಹಾಕಿಸಿದೆವು. ಮೂರು ವಾರಕ್ಕೆ ಮತ್ತೆ ಅದೇ ಟಕಟಕ. ಕೊನೆಗೆ ಬ್ಯಾಟರಿ ತಟ್ಟೆಯನ್ನು ಎತ್ತಿ ನೋಡಿದರೆ, ಅದರ ಕೆಳಗಿನ ಅರ್ತ್ ಬೋಲ್ಟಿನ ಸುತ್ತ ತುಕ್ಕು ಕಂದು ಬಣ್ಣದ ಹಾಳೆಗಳಂತೆ ಎದ್ದಿತ್ತು. ಬೋಲ್ಟ್ ಬಿಚ್ಚಿ, ಬಾಡಿಯ ಲೋಹ ಕಾಣುವಂತೆ ಉಜ್ಜಿ, ಮತ್ತೆ ಹಾಕಲು ಅರ್ಧ ಗಂಟೆ ಸಾಕಾಯಿತು. ಹಳೆಯ ಬ್ಯಾಟರಿಯನ್ನು ಆಗಲೇ ಕೊಟ್ಟುಬಿಟ್ಟಿದ್ದೆವು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಲ್ಲಿ ಈ ಬೋಲ್ಟನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು. ಮೀಟರಿನಲ್ಲಿ ಪರೀಕ್ಷಿಸುವುದಾದರೆ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು, ಬೇರೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಆ ಕ್ಷಣದಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ.

ಮೀಟರ್ ಏನು ಹೇಳುತ್ತದೆ

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಾಸಿಟಿವ್‌ಗೆ, ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ ಹಿಡಿಯಿರಿ. ಕಾರು ಕೆಲವು ಗಂಟೆ ನಿಂತಿರಬೇಕು, ಎಲ್ಲ ದೀಪಗಳೂ ಆರಿರಬೇಕು. ಬ್ಯಾಟರಿಯೊಳಗೆ ಸುಮಾರು 2.1 ವೋಲ್ಟ್‌ನ ಆರು ಸೆಲ್‌ಗಳು ಸರಣಿಯಲ್ಲಿವೆ. ಆದ್ದರಿಂದ ಪೂರ್ತಿ ತುಂಬಿದ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ. 12.4 ಎಂದರೆ ಸುಮಾರು ಮುಕ್ಕಾಲು ಭಾಗ, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಉಳಿದಿದೆ. 11.8ಕ್ಕಿಂತ ಕೆಳಗಿದ್ದರೆ ಬರಿದು. ಅರ್ಧ ವೋಲ್ಟಿನ ಅಂತರದಲ್ಲಿ ಅರ್ಧ ಬ್ಯಾಟರಿಯೇ ಅಡಗಿರುವುದರಿಂದ "ಹನ್ನೆರಡು ತೋರಿಸುತ್ತಿದೆ, ಹಾಗಾಗಿ ಸರಿಯಿದೆ" ಎನ್ನುವ ಮಾತನ್ನು ಒಪ್ಪಬೇಡಿ.

10.5ರ ಆಸುಪಾಸಿನ ಅಂಕಿ ಬಂದರೆ ಅದನ್ನು ಬರೆದಿಟ್ಟುಕೊಳ್ಳಿ. ಚಾರ್ಜ್ ಮಾಡಿದ ಮೇಲೂ ಅದು ಅಲ್ಲಿಗೇ ಬಂದು ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆಯೆಂದೇ ತಿಳಿಯಬೇಕು.

ಕೆಲವು ಬ್ಯಾಟರಿಗಳ ನೆತ್ತಿಯ ಮೇಲೆ ಸಣ್ಣ ಗಾಜಿನ ಕಣ್ಣು ಇರುತ್ತದೆ: ಸಾಮಾನ್ಯವಾಗಿ ಹಸಿರು ಕಂಡರೆ ಸರಿ, ಕಪ್ಪಾದರೆ ಚಾರ್ಜ್ ಬೇಕು, ಬಿಳಿ ಅಥವಾ ತಿಳಿಹಳದಿ ಕಂಡರೆ ಒಳಗಿನ ದ್ರವ ಇಳಿದಿದೆ. ಬಣ್ಣದ ಅರ್ಥ ಬ್ಯಾಟರಿಯ ಲೇಬಲ್ ಮೇಲೆಯೇ ಇರುತ್ತದೆ. ಆದರೆ ಆ ಕಣ್ಣು ನೋಡುವುದು ಆರು ಸೆಲ್‌ಗಳಲ್ಲಿ ಒಂದನ್ನು ಮಾತ್ರ. ಹಸಿರು ಇದ್ದೂ ಬೇರೆ ಸೆಲ್ ಕೆಟ್ಟಿರಬಹುದಾದ್ದರಿಂದ ಮೀಟರಿಗಿಂತ ಅದನ್ನು ಹೆಚ್ಚು ನಂಬಬೇಡಿ.

ಚಾರ್ಜರ್ ಇಲ್ಲ, ಈಗಲೇ ಹೊರಡಬೇಕು

ಬೇರೊಂದು ಕಾರಿನಿಂದ ಜಂಪರ್ ಕೇಬಲ್ ಹಾಕಿ ಎಬ್ಬಿಸಬಹುದು. ಆ ವಾಹನವೂ 12 ವೋಲ್ಟ್‌ನದೇ ಆಗಿರಬೇಕು. ಹಳ್ಳಿಯ ಕಡೆ ಟ್ರ್ಯಾಕ್ಟರ್‌ನಿಂದ ಹಾಕುವುದುಂಟು. ಟ್ರ್ಯಾಕ್ಟರ್‌ಗಳು ಸಾಮಾನ್ಯವಾಗಿ 12 ವೋಲ್ಟ್‌ನವೇ, ಆದರೂ ಅದರ ಬ್ಯಾಟರಿಯನ್ನು ಅಳೆದು ನೋಡಿಯೇ ಹಾಕಿ. ಲಾರಿ ಮತ್ತು ಬಸ್ಸುಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುವುದರಿಂದ ಅವುಗಳಿಂದ ಹಾಕಬೇಡಿ, ಕಾರಿನ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಸುಟ್ಟುಹೋಗಬಹುದು. ಸ್ಕೂಟರಿನ ನಾಲ್ಕೈದು ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿಗೆ ಕಾರನ್ನು ಎಬ್ಬಿಸುವ ಶಕ್ತಿಯಿಲ್ಲ.

ಎರಡು ವಾಹನಗಳೂ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಎರಡರ ಇಗ್ನಿಷನ್ನೂ ಆರಿಸಿ. ಕೆಂಪು ಕೇಬಲಿನ ಒಂದು ತುದಿ ಬರಿದಾದ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿಯನ್ನು ಮಾತ್ರ ಬರಿದಾದ ಬ್ಯಾಟರಿಗೆ ಹಾಕದೆ ಆ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಿ. ಕೊನೆಯ ಸಂಪರ್ಕದಲ್ಲಿ ಕಿಡಿ ಹಾರುವುದು ಸಹಜವಾದ್ದರಿಂದ ಆ ಕಿಡಿ ಜಲಜನಕವಿರುವ ಜಾಗದಲ್ಲಿ ಹಾರಬಾರದು. ಒಳ್ಳೆಯ ಕಾರನ್ನು ಚಾಲೂ ಮಾಡಿ ಐದು ನಿಮಿಷ ಬಿಟ್ಟು ಆಮೇಲೆ ಸೆಲ್ಫ್ ಹೊಡೆಯಿರಿ. ಎದ್ದ ಮೇಲೆ ಹಾಕಿದ ಕ್ರಮಕ್ಕೆ ಸರಿಯಾಗಿ ಉಲ್ಟಾ ತೆಗೆಯಬೇಕು.

ತಳ್ಳಿ ಎಬ್ಬಿಸುವುದು ಮ್ಯಾನುವಲ್ ಗೇರಿನ ಕಾರಿಗೆ ಮಾತ್ರ ಸಾಧ್ಯ. ಇಂದಿನ ಕಾರುಗಳಲ್ಲಿ ಪೆಟ್ರೋಲ್ ಪಂಪಿಗೂ ಇಸಿಯುಗೂ ವಿದ್ಯುತ್ ಬೇಕಾಗಿರುವುದರಿಂದ ಪೂರ್ತಿ ಬರಿದಾದ ಬ್ಯಾಟರಿಯಲ್ಲಿ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಎಂಜಿನ್ ನಿಂತಿರುವಾಗ ಬ್ರೇಕು ಮತ್ತು ಸ್ಟೀರಿಂಗ್ ಎರಡೂ ಬಹಳ ಬಿಗಿಯಾಗಿರುತ್ತವೆ ಎಂಬುದು ನೆನಪಿರಲಿ; ಇಳಿಜಾರಿನಲ್ಲಿ ಈ ಸಾಹಸ ಬೇಡ.

ಕಾರು ಎದ್ದಿತೆಂದರೆ ಬ್ಯಾಟರಿ ಚೇತರಿಸಿಕೊಂಡಿತೆಂದು ಎಷ್ಟೋ ಜನ ತಿಳಿಯುತ್ತಾರೆ. ಹತ್ತು ನಿಮಿಷ ಓಡಿಸಿದರೆ ಸೆಲ್ಫ್ ಹೊಡೆಯಲು ಖರ್ಚಾದದ್ದು ವಾಪಸ್ ಬರಬಹುದು, ಖಾಲಿಯಾದ ಬ್ಯಾಟರಿ ತುಂಬುವುದಿಲ್ಲ. ಅದಕ್ಕೆ ಗಂಟೆಗಟ್ಟಲೆ ಓಡಿಸಬೇಕಾಗುತ್ತದೆ, ಮತ್ತು ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬುವ ಭಾರವನ್ನು ಆಲ್ಟರ್ನೇಟರ್ ಮೇಲೆ ಹೊರಿಸುವುದು ಅದಕ್ಕೂ ಒಳ್ಳೆಯದಲ್ಲ. ಜಂಪ್ ಮಾಡಿ ಕೆಲಸ ಮುಗಿಸಿ ಬಂದ ರಾತ್ರಿಯೇ ಚಾರ್ಜರ್ ಹಾಕಿ.

ಚಾರ್ಜ್ ಮಾಡುವುದು

ಮರಳಿ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ್ದು ಸೀಸ ಮತ್ತು ಗಂಧಕಾಮ್ಲದಿಂದಲೇ. ಇಂದಿಗೂ ಒಳಗಿನ ಕ್ರಿಯೆ ಅದೇ. ಬ್ಯಾಟರಿ ಖರ್ಚಾದಂತೆ ಆಸಿಡ್‌ನ ಗಂಧಕದ ಅಂಶ ಎರಡೂ ಬಗೆಯ ಪ್ಲೇಟ್‌ಗಳ ಮೇಲೆ ಸೀಸದ ಸಲ್ಫೇಟಾಗಿ ಕೂರುತ್ತದೆ, ಆಸಿಡ್ ತೆಳುವಾಗಿ ನೀರಿನ ಕಡೆಗೆ ತಿರುಗುತ್ತದೆ. ಚಾರ್ಜ್ ಮಾಡಿದರೆ ಆ ಸಲ್ಫೇಟ್ ಕರಗಿ ಮತ್ತೆ ಆಸಿಡ್ ಸೇರುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ವಾರಗಟ್ಟಲೆ ಬಿಟ್ಟರೆ ಮೆತ್ತಗಿದ್ದ ಸಲ್ಫೇಟ್ ಗಟ್ಟಿ ಹರಳಾಗಿ ಪ್ಲೇಟನ್ನು ಮುಚ್ಚಿಬಿಡುತ್ತದೆ, ಆಮೇಲೆ ಚಾರ್ಜ್ ಒಳಗೆ ಇಳಿಯುವುದೇ ಇಲ್ಲ. ಒಂದು ದಿನ ಬರಿದಾಗಿದ್ದ ಬ್ಯಾಟರಿಯನ್ನು ಉಳಿಸುವುದು ಸುಲಭ, ಮೂರು ತಿಂಗಳು ಬರಿದಾಗಿದ್ದದ್ದನ್ನು ಉಳಿಸುವುದು ಕಷ್ಟ. 2020ರ ಲಾಕ್‌ಡೌನ್‌ನಲ್ಲಿ ವಾರಗಟ್ಟಲೆ ನಿಂತಲ್ಲೇ ನಿಂತ ಕಾರುಗಳ ಬ್ಯಾಟರಿಗೆ ಆದದ್ದು ಇದೇ.

ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡಿ. ಪ್ಲೇಟ್‌ಗಳು ದ್ರವದಿಂದ ಹೊರಗೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಚಾರ್ಜ್ ಆಗುವಾಗ ಮಟ್ಟ ಏರುವುದರಿಂದ ಗುರುತಿನವರೆಗೆ ತುಂಬುವ ಕೆಲಸ ಚಾರ್ಜ್ ಮುಗಿದ ಮೇಲೆ. ನಲ್ಲಿಯ ನೀರು, ಬೋರ್‌ವೆಲ್ ನೀರು, ಅಡುಗೆಮನೆಯ ಫಿಲ್ಟರ್ ನೀರು ಯಾವುದೂ ಬೇಡ, ಅವುಗಳಲ್ಲಿನ ಲವಣಗಳು ಪ್ಲೇಟನ್ನು ಹಾಳು ಮಾಡುತ್ತವೆ. ಆಸಿಡ್ಡನ್ನೂ ಸೇರಿಸಬೇಡಿ: ಆವಿಯಾಗಿ ಹೋದದ್ದು ನೀರು, ಆಸಿಡ್ ಒಳಗೇ ಇದೆ.

ಎಷ್ಟು ಆಂಪಿಯರ್‌ನಲ್ಲಿ ಚಾರ್ಜ್ ಮಾಡಬೇಕೆಂಬುದಕ್ಕೆ ಬ್ಯಾಟರಿ ಅಂಗಡಿಯವರ ಲೆಕ್ಕ ಸರಳವಾಗಿದೆ: ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗ. ಸಣ್ಣ ಪೆಟ್ರೋಲ್ ಕಾರಿನ 35 ಎಎಚ್ ಬ್ಯಾಟರಿಗೆ 3.5 ಆಂಪಿಯರ್, ಡೀಸೆಲ್ ಕಾರಿನ 65 ಎಎಚ್ ಬ್ಯಾಟರಿಗೆ 6.5. ಇದಕ್ಕಿಂತ ಕಡಿಮೆಯಾದರೆ ತೊಂದರೆಯಿಲ್ಲ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೆ. ಪೂರ್ತಿ ಬರಿದಾದದ್ದು ತುಂಬಲು ಹನ್ನೆರಡರಿಂದ ಹದಿನಾಲ್ಕು ಗಂಟೆ ಬೇಕಾಗಬಹುದು. ಸ್ವಯಂಚಾಲಿತ ಚಾರ್ಜರ್ ವೋಲ್ಟೇಜನ್ನು 14.4ರ ಹತ್ತಿರ ಹಿಡಿದು, ತುಂಬಿದಂತೆ ಆಂಪಿಯರ್ ಇಳಿಸುತ್ತದೆ; ಮನೆಗೆ ಅಂಥದ್ದೇ ಒಳ್ಳೆಯದು. ಸಿಗ್ನಲ್‌ನಲ್ಲಿ ತಾನೇ ಆರಿ ತಾನೇ ಹೊತ್ತಿಕೊಳ್ಳುವ ಎಂಜಿನ್ ಇರುವ ಕಾರುಗಳ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಗಳಿಗೆ ಚಾರ್ಜರಿನಲ್ಲಿ ಅದರದೇ ಆಯ್ಕೆ ಇರಬೇಕು.

ಮನೆಯ ಯುಪಿಎಸ್ ಇನ್ವರ್ಟರಿಗೆ ಕಾರಿನ ಬ್ಯಾಟರಿ ಜೋಡಿಸಿ ಚಾರ್ಜ್ ಮಾಡುವವರನ್ನು ನೋಡಿದ್ದೇನೆ. ಇನ್ವರ್ಟರ್ ಇರುವುದು 150 ಎಎಚ್‌ನ ದೊಡ್ಡ ಬ್ಯಾಟರಿಗೆ ಹೊಂದುವಂತೆ. ಅದು ಕೊಡುವ ಹತ್ತು ಹದಿನೈದು ಆಂಪಿಯರ್ 35 ಎಎಚ್‌ನ ಪುಟ್ಟ ಬ್ಯಾಟರಿಗೆ ಬಹಳ ಹೆಚ್ಚು. ಬ್ಯಾಟರಿ ಕುದಿಯುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಬ್ಯಾಟರಿಯನ್ನು ಕಾರಿನಿಂದ ಇಳಿಸಿ, ಇಲ್ಲವಾದರೆ ನೆಗೆಟಿವ್ ಕೇಬಲನ್ನಾದರೂ ಕಳಚಿ. ಜಗುಲಿಯ ಮೇಲೆ ಹಲಗೆಯ ತುಂಡಿನ ಮೇಲಿಟ್ಟು, ಚಾರ್ಜರ್ ಕ್ಲಿಪ್‌ಗಳನ್ನು ಮೊದಲು ಕಚ್ಚಿಸಿ, ಆಮೇಲೆ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಸ್ವಿಚ್ ಮೊದಲು ಆರಿಸಿ, ಕ್ಲಿಪ್ ಆಮೇಲೆ. ಮೊದಲ ಒಂದು ಗಂಟೆ ಹತ್ತಿರದಲ್ಲಿಯೇ ಇದ್ದು ಬ್ಯಾಟರಿಯ ಪಕ್ಕಕ್ಕೆ ಆಗಾಗ ಅಂಗೈ ಇಟ್ಟು ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಒಂದೇ ಸೆಲ್ ಮಾತ್ರ ಕುದಿಯುತ್ತಿದ್ದರೆ ಗೋಡೆಯ ಸ್ವಿಚ್ಚನ್ನು ಆರಿಸಿ ದೂರ ಸರಿಯಿರಿ, ಅರ್ಧ ಗಂಟೆ ಹತ್ತಿರ ಹೋಗಬೇಡಿ. ಆ ಬ್ಯಾಟರಿಗೆ ಮನೆಯಲ್ಲಿ ಮಾಡಬಹುದಾದದ್ದು ಅಲ್ಲಿಗೆ ಮುಗಿಯಿತು.

ತೀರಾ ಇಳಿದ ಬ್ಯಾಟರಿಯನ್ನು ಸ್ವಯಂಚಾಲಿತ ಚಾರ್ಜರ್ ಗುರುತಿಸದೆ ದೋಷದ ದೀಪ ತೋರಿಸುವುದುಂಟು. ಹಾಗಾದರೆ ಬ್ಯಾಟರಿ ಅಂಗಡಿಗೆ ಒಯ್ದರೆ ಅವರ ಹಳೆಯ ಮಾದರಿಯ ಚಾರ್ಜರಿನಲ್ಲಿ ಕಡಿಮೆ ಆಂಪಿಯರ್‌ಗೆ ಹಾಕಿ ಒಂದು ದಿನದಲ್ಲಿ ಎಬ್ಬಿಸಲು ನೋಡುತ್ತಾರೆ.

ಚಾರ್ಜ್ ಆಯಿತು, ಬೆಳಿಗ್ಗೆಗೆ ಮತ್ತೆ ಇಳಿದಿದೆ

ಚಾರ್ಜರ್ ತೆಗೆದ ಕೂಡಲೇ ಮೀಟರ್ 13 ವೋಲ್ಟಿಗಿಂತ ಹೆಚ್ಚು ತೋರಿಸುತ್ತದೆ. ಅದು ಪ್ಲೇಟಿನ ಮೇಲ್ಮೈಯ ಚಾರ್ಜ್ ಮಾತ್ರ, ಅದನ್ನು ನೋಡಿ ಸಂತೋಷಪಡಬೇಡಿ. ಏನನ್ನೂ ಜೋಡಿಸದೆ ರಾತ್ರಿಯಿಡೀ ಬಿಟ್ಟು, ಹನ್ನೆರಡು ಗಂಟೆಯ ನಂತರ ಅಳೆಯಿರಿ. 12.6 ಇದ್ದರೆ ಬ್ಯಾಟರಿ ಬರಿದಾಗಿತ್ತೇ ಹೊರತು ಕೆಟ್ಟಿರಲಿಲ್ಲ. 12.4 ಇದ್ದರೆ ವಯಸ್ಸಾಗಿದೆ, ಆದರೂ ಬಳಸಬಹುದು. 12.2 ಅಥವಾ ಕೆಳಗೆ ಇಳಿದಿದ್ದರೆ ಚಾರ್ಜ್ ನಿಲ್ಲುತ್ತಿಲ್ಲ. ಇನ್ನೊಂದು ಬಾರಿ ಕಡಿಮೆ ಆಂಪಿಯರ್‌ನಲ್ಲಿ ಇಡೀ ದಿನ ಚಾರ್ಜ್ ಮಾಡಿ ನೋಡಿ, ಆಗಲೂ ಹಾಗೆಯೇ ಆದರೆ ಬದಲಾಯಿಸಿ.

ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಹೈಡ್ರೋಮೀಟರಿನಿಂದ ಗ್ರಾವಿಟಿ, ಅಂದರೆ ಆಸಿಡ್ ಎಷ್ಟು ಸಾಂದ್ರವಾಗಿದೆ ಎಂಬುದನ್ನು, ನೋಡಬೇಕು. ತುಂಬಿದ ಸೆಲ್ 1240ರಿಂದ 1260ರವರೆಗೆ ತೋರಿಸುತ್ತದೆ. ಆರೂ ಸೆಲ್ ಸಮನಾಗಿ ಕಡಿಮೆಯಿದ್ದರೆ ಚಾರ್ಜ್ ಸಾಲದು. ಐದು ಸರಿಯಿದ್ದು ಒಂದು ಮಾತ್ರ 50 ಅಂಕ ಅಥವಾ ಅದಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಆ ಸೆಲ್ ಹೋಗಿದೆ, ಅದನ್ನು ಯಾರೂ ಸರಿ ಮಾಡಲಾರರು.

ಕೊನೆಯ ಪರೀಕ್ಷೆ ಕಾರಿನಲ್ಲಿಯೇ. ಮೀಟರ್ ಹಿಡಿದುಕೊಂಡು ಸೆಲ್ಫ್ ಹೊಡೆಸಿ. ಆ ಹೊತ್ತಿನಲ್ಲಿ ವೋಲ್ಟೇಜ್ 10ರ ಮೇಲೆಯೇ ನಿಂತರೆ ಒಳ್ಳೆಯದು, 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ಭಾರ ಹೊರುವ ತಾಕತ್ತಿಲ್ಲ. ಬ್ಯಾಟರಿ ಅಂಗಡಿಗಳಲ್ಲಿ ಲೋಡ್ ಟೆಸ್ಟರ್ ಇರುತ್ತದೆ, ಹೊಸದನ್ನು ಕೊಳ್ಳುವ ಮೊದಲು ಅದರಲ್ಲಿಯೂ ಪರೀಕ್ಷಿಸಿ ಅಂಕಿಯನ್ನು ನೀವೇ ನೋಡಿ.

ಬ್ಯಾಟರಿ ಸರಿಯಿದೆ, ಎರಡು ದಿನ ನಿಂತರೆ ಖಾಲಿ

ಕಾರು ನಿಂತಿರುವಾಗಲೂ ಗಡಿಯಾರ, ಲಾಕಿಂಗ್, ಅಲಾರಂ ಸ್ವಲ್ಪ ವಿದ್ಯುತ್ ಕುಡಿಯುತ್ತವೆ. 50 ಮಿಲಿಆಂಪಿಯರ್ ಒಳಗಿದ್ದರೆ ಅದು ಸಹಜ. ಆ ಲೆಕ್ಕದಲ್ಲಿಯೂ 35 ಎಎಚ್ ಬ್ಯಾಟರಿ 700 ಗಂಟೆಗಳಲ್ಲಿ, ಅಂದರೆ ಸುಮಾರು 29 ದಿನಗಳಲ್ಲಿ ಪೂರ್ತಿ ಬರಿದಾಗುತ್ತದೆ. ಅದಕ್ಕೆ ಎಷ್ಟೋ ಮೊದಲೇ ಸೆಲ್ಫ್ ನಿಲ್ಲುತ್ತದೆ. ಎರಡು ದಿನಕ್ಕೇ ಖಾಲಿಯಾದರೆ ಯಾವುದೋ ಒಂದು ಹೆಚ್ಚಾಗಿ ಕುಡಿಯುತ್ತಿದೆ.

ಮೊದಲು ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಸ್ಟೀರಿಯೋ ಆಂಪ್ಲಿಫೈಯರ್‌ಗಳನ್ನು ಒಂದೆರಡು ದಿನ ಕಳಚಿ ನೋಡಿ. ಡಿಕ್ಕಿಯ ದೀಪ ಮುಚ್ಚಿದ ಮೇಲೂ ಉರಿಯುತ್ತಿರಬಹುದು. ಮೊಬೈಲಿನಲ್ಲಿ ವಿಡಿಯೋ ಹಾಕಿ ಒಳಗಿಟ್ಟು, ಡಿಕ್ಕಿ ಮುಚ್ಚಿ ತೆರೆದರೆ ದೀಪ ಆರಿತೋ ಇಲ್ಲವೋ ಗೊತ್ತಾಗುತ್ತದೆ. ಐದು ವ್ಯಾಟಿನ ಆ ಪುಟ್ಟ ದೀಪ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಹೊಸ ಬ್ಯಾಟರಿಯನ್ನೂ ಮೂರೂವರೆ ದಿನದಲ್ಲಿ ಬರಿದು ಮಾಡಲು ಅಷ್ಟು ಸಾಕು.

ಅಳೆಯುವುದಾದರೆ ಮೀಟರಿನ 10 ಆಂಪಿಯರ್ ತೂತಿಗೆ ಕೆಂಪು ಕಡ್ಡಿ ಹಾಕಿ, ಕಳಚಿದ ನೆಗೆಟಿವ್ ಕೇಬಲಿಗೂ ನೆಗೆಟಿವ್ ಕಂಬಕ್ಕೂ ನಡುವೆ ಮೀಟರ್ ಬರುವಂತೆ ಹಿಡಿಯಿರಿ. ಕಾರಿನ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆಯಾದರೂ ಕಾದು ಆಮೇಲೆ ಓದಿ. ಅಂಕಿ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ದೋಷ ಆ ಸಾಲಿನಲ್ಲಿದೆ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಬೇಡಿ, ಮತ್ತು ಆಂಪಿಯರ್‌ನಲ್ಲಿರುವ ಮೀಟರನ್ನು ಬ್ಯಾಟರಿಯ ಎರಡು ಕಂಬಗಳಿಗೆ ನೇರವಾಗಿ ಹಿಡಿಯಬೇಡಿ, ಅದು ಶಾರ್ಟ್ ಮಾಡಿದಂತೆ. ಫ್ಯೂಸ್‌ನ ಆಚೆಗಿನ ವೈರಿಂಗ್ ಹುಡುಕುವ ಕೆಲಸ ಆಟೋ ಎಲೆಕ್ಟ್ರಿಷಿಯನ್ನರದು. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಇಲಿ ಸೇರುವ ಕಡೆ ಕಡಿದ ವೈರುಗಳ ಸಾಧ್ಯತೆಯನ್ನೂ ಅವರಿಗೆ ಹೇಳಿ.

ಓಡುವಾಗಲೇ ಬ್ಯಾಟರಿ ದೀಪ ಹೊತ್ತಿಕೊಳ್ಳುತ್ತದೆ

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್‌ಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಇಸಿಯು ಇದನ್ನು ಬೇಕೆಂದೇ ಏರಿಳಿಸುವುದರಿಂದ ಹೆಡ್‌ಲೈಟ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಒತ್ತಿ ನೋಡಿ. ಆಗಲೂ 13ರ ಕೆಳಗೇ ಉಳಿದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಬೆಲ್ಟ್ ಸಡಿಲವಾಗಿದೆಯೇ ಎಂದಷ್ಟೇ, ಅದೂ ಎಂಜಿನ್ ನಿಲ್ಲಿಸಿ, ನೀವು ನೋಡಬಹುದು. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಎರಡರಲ್ಲಿ ಯಾವುದಾದರೂ ಗ್ಯಾರೇಜಿನ ಕೆಲಸ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಿತ್ತು ಪರೀಕ್ಷಿಸುವ ಹಳೆಯ ರೂಢಿಯಿಂದ ಇಂದಿನ ಕಾರುಗಳ ಇಸಿಯು ಸುಟ್ಟುಹೋಗಬಹುದು. ಮೆಕ್ಯಾನಿಕ್ಕೇ ಹಾಗೆ ಮಾಡಲು ಬಂದರೂ ಬೇಡವೆನ್ನಿ.

ಮನೆಮದ್ದುಗಳ ಬಗ್ಗೆ

ಸತ್ತ ಬ್ಯಾಟರಿ ಬದುಕಲೆಂದು ಅದರ ಸೆಲ್‌ಗಳಿಗೆ ಆಸ್ಪಿರಿನ್ ಮಾತ್ರೆ ಹಾಕಿದರೆ ಅದು ಒಳಗೆ ಅಸಿಟಿಕ್ ಆಮ್ಲವಾಗಿ ಸೀಸದ ಪ್ಲೇಟನ್ನು ತಿನ್ನುತ್ತದೆ. ಎಪ್ಸಮ್ ಉಪ್ಪು ಹಾಕಿದರೆ ಸತ್ತ ಪ್ಲೇಟ್ ಬದುಕುವುದಿಲ್ಲ. ಬಲ್ಬು ಮತ್ತು ಡಯೋಡ್ ಜೋಡಿಸಿ ಮನೆಯ 230 ವೋಲ್ಟ್‌ನಿಂದ ನೇರ ಚಾರ್ಜ್ ಮಾಡುವ ವಿಧಾನದಲ್ಲಿ ಬ್ಯಾಟರಿಯ ಕಂಬವನ್ನು ಮುಟ್ಟಿದವರ ಪ್ರಾಣವೇ ಹೋಗಬಹುದು. ಬ್ಯಾಟರಿಯ ಬೆಲೆ ಎಷ್ಟೇ ಇರಲಿ, ಇದಕ್ಕೆ ಮಾತ್ರ ಕೈ ಹಾಕಬೇಡಿ.

ಬದಲಾಯಿಸಲೇಬೇಕಾದಾಗ

ಕಾರಿನ ಬ್ಯಾಟರಿಯ ಸಾಮಾನ್ಯ ಆಯಸ್ಸು ಮೂರರಿಂದ ಐದು ವರ್ಷ. ಬಿಸಿಲು ಅದರ ದೊಡ್ಡ ಶತ್ರು: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ ಕಡೆ ಮಡಿಕೇರಿಗಿಂತ ಬೇಗ ಸವೆಯುವುದು ನಿರೀಕ್ಷಿತವೇ. ಆದ್ದರಿಂದ ನಾಲ್ಕು ವರ್ಷ ದಾಟಿದ ಬ್ಯಾಟರಿ ರಾತ್ರಿಯ ಪರೀಕ್ಷೆಯಲ್ಲಿ ಸೋತರೆ ಮತ್ತೆ ಮತ್ತೆ ಚಾರ್ಜ್ ಮಾಡುತ್ತ ಹೆಣಗುವುದು ಬೇಡ. ಎರಡು ವರ್ಷದ ಒಳಗಿನದಾದರೆ ಬಿಲ್ಲನ್ನೂ ವಾರಂಟಿ ಕಾರ್ಡನ್ನೂ ಮೊದಲು ಹುಡುಕಿ.

ಹಳೆಯದನ್ನು ಗುಜರಿಯವರಿಗೆ ಮಾರಬೇಡಿ. ಕೆಲವರು ಆಸಿಡ್ಡನ್ನು ಚರಂಡಿಗೆ ಸುರಿದು, ಸೀಸವನ್ನು ಬಯಲಿನಲ್ಲಿ ಕರಗಿಸುತ್ತಾರೆ. ಆ ಹೊಗೆ ಮತ್ತು ಮಣ್ಣಿನ ಸೀಸ ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು, ಮತ್ತು ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ರಿಯಾಯಿತಿಯೂ ಸಿಗುತ್ತದೆ. ಒಯ್ಯುವಾಗ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಟಬ್ ಇಟ್ಟು, ಅದರೊಳಗೆ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಪಾಸಿಟಿವ್ ಕಂಬಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ, ಅಲುಗಾಡದಂತೆ ಅತ್ತಿತ್ತ ಹಳೆಯ ಬಟ್ಟೆ ತುರುಕಿ.